ನೂರು ವರ್ಷ ಕಾಣದ ಹೂವನ್ನು ಅಳಿದಿದೆ ಎನ್ನಲು ಏಕೆ ಹಿಂಜರಿಕೆ?

ಪ್ರಶ್ನೆ: ಕಾಡುಹೂವೊಂದು ನೂರು ವರ್ಷಗಳಿಂದ ಯಾರ ಕಣ್ಣಿಗೂ ಬಿದ್ದಿಲ್ಲವೆಂದರೆ ಅದು ಅಳಿದುಹೋಗಿದೆ ಎಂದೇ ಅರ್ಥವಲ್ಲವೇ? ಹಾಗೆಂದು ಘೋಷಿಸಲು ಸಸ್ಯವಿಜ್ಞಾನಿಗಳು ಏಕೆ ಹಿಂಜರಿಯುತ್ತಾರೆ?

ಉತ್ತರ: ಗಿಡ ಎಷ್ಟು ವರ್ಷ ಕಾಣಲಿಲ್ಲ ಎಂಬುದಕ್ಕಿಂತ, ಅದನ್ನು ಎಲ್ಲಿ, ಯಾವ ಋತುವಿನಲ್ಲಿ, ಎಷ್ಟು ಕೂಲಂಕಷವಾಗಿ ಹುಡುಕಲಾಯಿತು ಎಂಬುದೇ ಇಲ್ಲಿ ಮುಖ್ಯ. ಅಮೆರಿಕದ ಥಿಸ್ಮಿಯ ಅಮೆರಿಕಾನ ಎಂಬ ಹೂವಿನ ಕಥೆಯಲ್ಲಿ ಇದು ಚೆನ್ನಾಗಿ ತಿಳಿಯುತ್ತದೆ.

1912ರ ಆಗಸ್ಟ್‌ನಲ್ಲಿ ಶಿಕಾಗೋ ವಿಶ್ವವಿದ್ಯಾಲಯದ ಸಂಶೋಧನಾ ವಿದ್ಯಾರ್ಥಿನಿ ನಾರ್ಮಾ ಫೈಫರ್, ನಗರದ ದಕ್ಷಿಣ ಭಾಗದ ಕ್ಯಾಲುಮೆಟ್ ಸರೋವರದ ಬಳಿಯ ಜವುಗು ಹುಲ್ಲುಗಾವಲಿನಲ್ಲಿ ಈ ಗಿಡವನ್ನು ಮೊದಲು ಕಂಡರು. 1916ರ ನಂತರ ಅದು ಮತ್ತೆ ಸಿಕ್ಕಿಲ್ಲ. ಅದು ಬೆಳೆದ ನೆಲ ಕೈಗಾರಿಕೆಗಳ ಪಾಲಾಯಿತು. ಥಿಸ್ಮಿಯ ಕುಲದ ಹೆಚ್ಚಿನ ಪ್ರಭೇದಗಳು ಉಷ್ಣವಲಯದ ಮಳೆಕಾಡಿನಲ್ಲಿ ಬೆಳೆಯುವಂಥವು. ಅಂಥ ಕುಲದ ಒಂದು ಗಿಡ ಹಿಮ ಬೀಳುವ ಶಿಕಾಗೋದಲ್ಲಿ ದೊರೆತದ್ದು ನಿಜಕ್ಕೂ ವಿಸ್ಮಯದ ಸಂಗತಿ, ಆದ್ದರಿಂದಲೇ ಅದರ ಕಣ್ಮರೆ ಹೆಚ್ಚು ನೋಯಿಸುತ್ತದೆ.

ಆದರೂ ಅನುಮಾನ ಉಳಿಯಲು ಕಾರಣ ಗಿಡದ ಬದುಕಿನ ರೀತಿಯಲ್ಲೇ ಇದೆ. ಅದಕ್ಕೆ ಹಸಿರೆಲೆಗಳಿಲ್ಲ, ಪತ್ರಹರಿತ್ತಿಲ್ಲ. ಮಣ್ಣಿನೊಳಗಿನ ಶಿಲೀಂಧ್ರಗಳಿಂದ ಆಹಾರ ಪಡೆದು ವರ್ಷದ ಬಹುಭಾಗ ನೆಲದಡಿಯಲ್ಲೇ ಇರುತ್ತದೆ. ಬೇಸಿಗೆಯ ಕೊನೆಯಲ್ಲಿ ನೀಲಿ-ಹಸಿರು ಛಾಯೆಯ ಬಿಳಿ ಹೂವು ಮಾತ್ರ ಹೊರಬರುತ್ತದೆ, ಅದೂ ನೆಲದಿಂದ ಒಂದು ಸೆಂಟಿಮೀಟರಿನಷ್ಟು ಎತ್ತರಕ್ಕೆ. ಹುಲ್ಲಿನ ಬುಡದಲ್ಲಿ ಮಂಡಿಯೂರಿ ನೋಡದಿದ್ದರೆ ಪಕ್ಕದಲ್ಲೇ ಇದ್ದರೂ ಕಾಣದು. ಸಸ್ಯಪ್ರಿಯರು ಆ ಪ್ರದೇಶದಲ್ಲಿ ಹಲವು ಬಾರಿ ಹುಡುಕಿ ಬರಿಗೈಯಲ್ಲಿ ಮರಳಿದ್ದಾರೆ. ಅಷ್ಟರಿಂದಲೇ ಗಿಡವಿಲ್ಲವೆಂದು ತೀರ್ಮಾನಿಸಲಾಗದು.

ಇದೇ ಕುಲದ ಜಪಾನಿನ ಥಿಸ್ಮಿಯ ಕೋಬೆನ್ಸಿಸ್ 1992ರಲ್ಲಿ ಕೋಬೆ ನಗರದಲ್ಲಿ ಸಿಕ್ಕಿತ್ತು. ಮುಂದೆ ಆ ಜಾಗ ಕೈಗಾರಿಕಾ ನಿರ್ಮಾಣಕ್ಕೆ ಬಲಿಯಾದಾಗ ಗಿಡ ಅಳಿಯಿತೆಂದೇ ನಂಬಲಾಗಿತ್ತು. 2021ರಲ್ಲಿ ಸುಮಾರು 30 ಕಿಲೋಮೀಟರ್ ದೂರದ ಸಾಂದಾದಲ್ಲಿ ಅದು ಮತ್ತೆ ಕಾಣಿಸಿತು. ನಮ್ಮ ಜೋಗದ ಬಳಿ 1919ರಲ್ಲಿ ಸಂಗ್ರಹಿಸಿದ್ದ ಹಬ್ಬಾರ್ಡಿಯ ಎಂಬ ಹುಲ್ಲನ್ನೂ ಅಳಿದವುಗಳ ಪಟ್ಟಿಗೆ ಸೇರಿಸಲಾಗಿತ್ತು. 2002ರಲ್ಲಿ ಅದು ಮಹಾರಾಷ್ಟ್ರದ ತಿಲ್ಲಾರಿಯಲ್ಲಿ ದೊರೆಯಿತು.

ಅವಸರದ ಘೋಷಣೆಯಿಂದ ಹುಡುಕಾಟ ನಿಲ್ಲುತ್ತದೆ, ಉಳಿದಿರಬಹುದಾದ ನೆಲೆಯನ್ನು ಕಾಪಾಡಲು ಕಾರಣವೂ ಇಲ್ಲವಾಗುತ್ತದೆ. ಬದುಕಿರುವ ಗಿಡಕ್ಕೆ ಇದಕ್ಕಿಂತ ದೊಡ್ಡ ಅನ್ಯಾಯವಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ಹಾಗೆಂದು ಥಿಸ್ಮಿಯ ಅಮೆರಿಕಾನದ ವಿಷಯದಲ್ಲಿ ಭರವಸೆಗೆ ಹೆಚ್ಚು ಆಧಾರವಿದೆಯೆಂದು ನಾನು ಹೇಳಲಾರೆ: ಶತಮಾನ ಕಳೆದಿದೆ, ನೆಲದ ಸ್ವರೂಪವೇ ಬದಲಾಗಿದೆ. ಕೊನೆಯ ಗಿಡವೂ ಸತ್ತಿದೆ ಎಂಬುದರಲ್ಲಿ ಸಕಾರಣ ಸಂದೇಹ ಉಳಿಯದಿದ್ದಾಗ ಮಾತ್ರ ‘ಅಳಿದಿದೆ’ ಎನ್ನಬೇಕೆಂಬುದು, ಜೀವಿಗಳ ಅಳಿವಿನ ಅಪಾಯವನ್ನು ಅಳೆಯುವ ಐಯುಸಿಎನ್ (ಅಂತರರಾಷ್ಟ್ರೀಯ ನಿಸರ್ಗ ಸಂರಕ್ಷಣಾ ಒಕ್ಕೂಟ) ಕೆಂಪು ಪಟ್ಟಿಯ ನಿಯಮ. ಅದಕ್ಕೂ ಮೊದಲಿನ ಸ್ಥಿತಿಗೆಂದೇ ಆ ಪಟ್ಟಿಯಲ್ಲಿ ‘ತೀವ್ರ ಅಪಾಯದಲ್ಲಿದೆ, ಬಹುಶಃ ಅಳಿದಿರಬಹುದು’ ಎಂಬ ಗುರುತೂ ಇದೆ. ಇಂಥ ಹೂವುಗಳಿಗೆ ಸದ್ಯಕ್ಕೆ ಒಪ್ಪುವ ಉತ್ತರ ಅದೇ.