ನಳಿಗೆಯ ಮೇಲಿನ ಕಿರೀಟ ಏನು ಹೇಳುತ್ತದೆ?

ಕೊಡವರ ಆಯುಧಪೂಜೆಯ ಹಬ್ಬ ಕೈಲ್ ಪೊಳ್ದ್ ಹತ್ತಿರವಾದರೆ ಕೊಡಗಿನ ಕುಲಮನೆಗಳಾದ ಐನ್‌ಮನೆಗಳ ಹಳೆಯ ಕೋವಿಗಳು ನನ್ನ ಮೇಜಿಗೆ ಬರುತ್ತವೆ. ಈಚೆಗೆ ಬಂದ, ಬಾಯಿಂದ ಮದ್ದು ತುಂಬಿ ಕೇಪು ಸಿಡಿಸಿ ಹಾರಿಸುವ ಕೇಪಿನ ಕೋವಿಯೊಂದರ ನಳಿಗೆಯ ಬುಡದಲ್ಲಿ ಕಡಲೆಕಾಳಿನಷ್ಟು ದೊಡ್ಡ ಗುರುತಿತ್ತು: ಕಿರೀಟ, ಕೆಳಗೆ ಅಡ್ಡಹಾಕಿದ ಎರಡು ರಾಜದಂಡ, ಸಂದುಗಳಲ್ಲಿ ಬಿ, ಪಿ, ಸಿ ಅಕ್ಷರಗಳು. "ಇಂಗ್ಲೆಂಡಿನ ರಾಜ ನಮ್ಮ ಮುತ್ತಜ್ಜನಿಗೆ ಕೊಟ್ಟದ್ದಂತೆ" ಎಂದರು ಮನೆಯವರು.

ಈ ಕಿರೀಟಕ್ಕೂ ರಾಜನ ಉಡುಗೊರೆಗೂ ಸಂಬಂಧವಿಲ್ಲ. ಇದು ಬರ್ಮಿಂಗ್‌ಹ್ಯಾಮಿನ ಪ್ರೂಫ್ ಹೌಸ್, ಅಂದರೆ ಕೋವಿ ಪರೀಕ್ಷಾಲಯ, ಒತ್ತಿದ ಮುದ್ರೆ. 1813ರಲ್ಲಿ ಸಂಸತ್ತಿನ ಕಾಯ್ದೆಯಿಂದ ಹುಟ್ಟಿದ ಆ ಸಂಸ್ಥೆ 1904ರವರೆಗೆ ಇದೇ ಗುರುತನ್ನು ಬಳಸಿತು. ಮಾರಾಟಕ್ಕೆ ಮುನ್ನ ನಳಿಗೆಗೆ ಮಾಮೂಲಿಗಿಂತ ಹೆಚ್ಚು ಮದ್ದು ತುಂಬಿ ಈಡು ಹಾರಿಸುತ್ತಿದ್ದರು. ಸಿಡಿಯದೆ, ಉಬ್ಬದೆ ಉಳಿದರೆ ಮುದ್ರೆ. ಪಕ್ಕದಲ್ಲಿ 'ವಿ' ಅಕ್ಷರವಿದ್ದರೆ ಕಣ್ಣಳತೆಯ ತಪಾಸಣೆಯೂ ಆಗಿದೆ ಎಂದರ್ಥ. ಲಂಡನ್ನಿನ ಕೋವಿ ತಯಾರಕರ ಸಂಘಕ್ಕೆ 1637ರಲ್ಲೇ ಸನದು ಸಿಕ್ಕಿತ್ತು. ಅವರದು ಕಿರೀಟದಡಿ ಹೆಣೆದ ಜಿ, ಪಿ ಅಕ್ಷರ. ನಳಿಗೆಯ ಮೇಲೆ ಲಂಡನ್ ಎಂದು ಅಂದವಾಗಿ ಕೆತ್ತಿ, ಅಡಿಯಲ್ಲಿ ಬರ್ಮಿಂಗ್‌ಹ್ಯಾಮಿನ ಮುದ್ರೆ ಹೊತ್ತ ಕೋವಿಗಳು ಬಹಳ. ನಾನು ನಂಬುವುದು ಅಡಿಯದನ್ನು.

ತೋಟಾ ಹಾಕುವ ಜೋಡುನಳಿಗೆ ಬಂದಾಗ ನಳಿಗೆ ಬಿಚ್ಚಿ ಚಪ್ಪಟೆ ಅಡಿಭಾಗವನ್ನು ಓರೆ ಬೆಳಕಿಗೆ ಹಿಡಿಯುತ್ತೇನೆ. ಅಲ್ಲಿ 12 ಎಂದಿದ್ದರೆ ಒಂದು ಪೌಂಡ್ ಸೀಸದಿಂದ 12 ಗುಂಡು ಎರಕ ಹೊಯ್ದಾಗ ಒಂದೊಂದು ಎಷ್ಟು ದಪ್ಪವೋ ಅಷ್ಟು ಅಗಲದ ನಳಿಗೆ, ಅಂದರೆ 0.729 ಇಂಚು. '13/1' ಎಂದರೆ 0.719. ಅಂಥ ನಳಿಗೆ ಇಂದು 0.729 ಅಳೆದರೆ, ತುಕ್ಕು ತೆಗೆಯುವ ನೆಪದಲ್ಲಿ ಯಾರೋ ಒಳಗೋಡೆಯನ್ನು ಕೊರೆದಿದ್ದಾರೆ. ಹಳೆಯ ಮುದ್ರೆಗೆ ಇನ್ನು ಬೆಲೆಯಿಲ್ಲ. 'ನಾಟ್ ಫಾರ್ ಬಾಲ್' ಎಂಬ ಬರಹ 1875ರಿಂದ 1887ರವರೆಗಿನದು; ಬಾಯಿ ಕಿರಿದಾದ ನಳಿಗೆ, ಚರೆ ಮಾತ್ರ ಹಾಕಬೇಕು, ಒಂಟಿ ಗುಂಡು ಕೂಡದು.

ಎಲ್ಲಕ್ಕಿಂತ ಮುಖ್ಯವಾಗಿ ನಾನು ಹುಡುಕುವುದು ನೈಟ್ರೋ ಗುರುತನ್ನು, ಅಂದರೆ ಹೊಗೆಯಿಲ್ಲದ ಹೊಸ ಮದ್ದಿಗೂ ನಳಿಗೆ ಪರೀಕ್ಷೆಯಾಗಿದೆ ಎಂಬ ಗುರುತನ್ನು. 1896ರ ನಂತರ 'ನೈಟ್ರೋ ಪ್ರೂಫ್' ಎಂಬ ಪದಗಳು, 1904ರಿಂದ ಎನ್‌ಪಿ. ಅದಿಲ್ಲದ ನಳಿಗೆ ಕರಿಮದ್ದಿಗೆ ಮಾತ್ರ ಪರೀಕ್ಷೆಯಾದದ್ದು. ಅದಕ್ಕೆ ಇಂದಿನ ತೋಟಾ ತುರುಕಿದರೆ ಹಾರಿಸಿದವನ ಎಡಗೈ ಹೋಗಬಹುದು.

"ಹಾಗಾದರೆ ಹಬ್ಬದ ದಿನ ಇದರಿಂದ ತೆಂಗಿನಕಾಯಿಗೆ ಗುರಿಯಿಡಬಹುದೇ?" ಎಂದು ಕೇಪಿನ ಕೋವಿಯವರು ಕೇಳಿದರು. ಬೇಡವೆಂದೆ. ಮುದ್ರೆ ಒತ್ತಿದ ದಿನ ನಳಿಗೆ ಗಟ್ಟಿಯಿತ್ತು, ನಿಜ. ಆಮೇಲಿನ ನೂರಕ್ಕೂ ಹೆಚ್ಚು ಮಳೆಗಾಲಗಳ ಲೆಕ್ಕ ಮುದ್ರೆಯಲ್ಲಿಲ್ಲ. ಪೂಜೆಗಿಡಿ, ಕೋವಿಹೂವಾದ ತೋಕ್ ಪೂ ಮುಡಿಸಿ. ಆದರೆ ಹುಣಸೆಹಣ್ಣು, ಮರಳುಕಾಗದ ಹಾಕಿ ಉಜ್ಜಬೇಡಿ. ಈ ಕೋವಿಯ 'ವಿ' ಆಗಲೇ ಅರ್ಧ ಸವೆದಿದೆ. ಮೆತ್ತನೆ ಬಟ್ಟೆ, ಎರಡು ಹನಿ ಎಣ್ಣೆ ಸಾಕು.