ಬ್ರಾಮ್ಲಿ ಸೇಬಿನ ಬೀಜ ನೆಟ್ಟರೆ ಬ್ರಾಮ್ಲಿಯೇ ಬರುತ್ತಾ?

ಪ್ರಶ್ನೆ: ನಾವು ಇಂಗ್ಲೆಂಡಿನಲ್ಲಿದ್ದೇವೆ. ಅಡುಗೆಗೆ ತಂದ ಬ್ರಾಮ್ಲಿ ಸೇಬಿನ ಬೀಜ ಕುಂಡದಲ್ಲಿ ಮೊಳೆತಿದೆ. ಹಿತ್ತಲಲ್ಲಿ ನೆಟ್ಟರೆ ಅದೇ ಹಣ್ಣು ಸಿಗುತ್ತಾ?

ಉತ್ತರ: ಸಿಗುವುದಿಲ್ಲ. ಗಿಡ ಬೆಳೆದು ಹಣ್ಣೂ ಬಿಡಬಹುದು, ಆದರೆ ಅದು ಬೇರೆಯದೇ ಸೇಬು. ರಸಪುರಿ ಬೇಕಾದವರು ವಾಟೆ ನೆಡದೆ ಕಸಿ ಗಿಡ ತರುತ್ತಾರಲ್ಲ, ಇಲ್ಲೂ ಹಾಗೇ.

ತಮಾಷೆ ಅಂದರೆ, ಬ್ರಾಮ್ಲಿ ಹುಟ್ಟಿದ್ದೇ ಹೀಗೆ ಯಾರೋ ಸುಮ್ನೆ ಹಾಕಿದ ಬೀಜದಿಂದ. 1809ರಲ್ಲಿ ನಾಟಿಂಗ್‌ಹ್ಯಾಮ್‌ಶೈರ್‌ನ ಸೌತ್‌ವೆಲ್‌ನಲ್ಲಿ ಮೇರಿ ಆನ್ ಬ್ರೈಲ್ಸ್‌ಫರ್ಡ್ ಎಂಬ ಹುಡುಗಿ ಅದನ್ನು ಬಿತ್ತಿದಳು. 1846ರಲ್ಲಿ ಆ ಮನೆ ಕೊಂಡವನು ಮ್ಯಾಥ್ಯೂ ಬ್ರಾಮ್ಲಿ, ಮಾಂಸದ ವ್ಯಾಪಾರಿ. 1856ರಲ್ಲಿ ಹೆನ್ರಿ ಮೆರಿವೆದರ್ ಎಂಬ ನರ್ಸರಿಯ ಹುಡುಗ ಕಸಿಗೆ ಕಡ್ಡಿ ಕೇಳಿದ. ಕೊಡುತ್ತೇನೆ, ಆದರೆ ಹಣ್ಣಿಗೆ ನನ್ನ ಹೆಸರೇ ಇರಬೇಕು ಅಂದನಂತೆ ಬ್ರಾಮ್ಲಿ. ಬೀಜ ಹಾಕಿದವಳು ಒಬ್ಬಳು, ಹೆಸರು ಇನ್ನೊಬ್ಬನದು. ಅನ್ಯಾಯ ಅಲ್ವಾ?

ಇವತ್ತಿನ ಬ್ರಾಮ್ಲಿ ಮರಗಳೆಲ್ಲ ಆ ಒಂದೇ ಮರದ ಕಡ್ಡಿಯಿಂದ ಬಂದವು. ಮೂಲ ಮರ 1900ರ ಸುಮಾರಿಗೆ ಗಾಳಿಗೆ ಉರುಳಿತು. ಬಿದ್ದಲ್ಲೇ ಬೇರು ಬಿಟ್ಟು ಮತ್ತೆ ಚಿಗುರಿತು! ಆಮೇಲೆ ಬೇರು ಕೊಳೆಸುವ ಅಣಬೆ ರೋಗ ಅದಕ್ಕೆ ಅಂಟಿಕೊಂಡಿತು.

ನಿಮ್ಮ ಬೀಜ ಮೊಳೆತದ್ದೇ ದೊಡ್ಡದು. ಸಾಮಾನ್ಯ ಸೇಬಿನಲ್ಲಿ ವರ್ಣತಂತುಗಳು 34, ಎರಡೆರಡರ ಜೋಡಿ. ಬ್ರಾಮ್ಲಿಯಲ್ಲಿ 51, ಮೂರು ಮೂರು. ಸಮವಾಗಿ ಹಂಚಿಕೆಯಾಗದೆ ಪರಾಗ ಬಹುಪಾಲು ಜೊಳ್ಳು, ಬೀಜವೂ ಜಾಸ್ತಿ ಜೊಳ್ಳೇ. ಹಾಗಾಗಿ ಬ್ರಾಮ್ಲಿ ಕಾಯಿ ಕಚ್ಚಲು ಪಕ್ಕದಲ್ಲಿ ಬೇರೆ ಜಾತಿಯ ಸೇಬು ಬೇಕು. ಆ ಸೇಬಿಗೆ ಬ್ರಾಮ್ಲಿಯ ಪರಾಗದಿಂದ ಉಪಯೋಗವಿಲ್ಲ, ಅದಕ್ಕಾಗಿ ಮೂರನೆಯದೊಂದು ಬೇಕು. ಎಲ್ಲವೂ ಒಂದೇ ಹೊತ್ತಿಗೆ ಹೂ ಬಿಡಬೇಕು. ಅಕ್ಕಪಕ್ಕದ ಮನೆಗಳಲ್ಲಿ ಸೇಬಿನ ಮರಗಳಿದ್ದರೆ ಈ ಚಿಂತೆ ಜೇನ್ನೊಣಗಳಿಗೆ ಬಿಡಿ.

ನರ್ಸರಿಯಲ್ಲಿ ಗಿಡ ಕೊಳ್ಳುವಾಗ ಯಾವ ಬೇರುಗಿಡದ ಮೇಲೆ ಕಸಿ ಮಾಡಿದ್ದಾರೆ ಎಂದು ಕೇಳಿ. ಬ್ರಾಮ್ಲಿ ಮೊದಲೇ ದೈತ್ಯ ಜಾತಿ. ಮರ ಎಷ್ಟು ಎತ್ತರ ಬೆಳೆಯುತ್ತದೆ ಅನ್ನುವುದು ಬೇರುಗಿಡದ ಮೇಲೂ ನಿಂತಿದೆ. ಚಿಕ್ಕ ಹಿತ್ತಲಿಗೆ ಎಂ9 ಅಥವಾ ಎಂ26 ಎಂಬ ಬೇರುಗಿಡ ಸಾಕು, ಎಂ25 ಆದರೆ ಮರ ಮನೆ ಮೇಲೇರುತ್ತದೆ. ತಗ್ಗಿನ ಜಾಗದಲ್ಲಿ ನೆಡಬೇಡಿ. ಅಲ್ಲಿ ತಂಪು ಗಾಳಿ ನಿಂತು, ವಸಂತದ ಹಿಮಕ್ಕೆ ಹೂ ಕಪ್ಪಾಗಿಬಿಡುತ್ತದೆ.

ಕಾಯಿ ಬಲಿಯುವುದು ಅಕ್ಟೋಬರ್ ಹೊತ್ತಿಗೆ. ಹುಳಿ ಎಷ್ಟೆಂದರೆ, ಮಾವಿನಕಾಯಿ ಸಿಗದ ಊರಲ್ಲಿ ಅದರಲ್ಲೇ ಉಪ್ಪಿನಕಾಯಿ ಹಾಕಬಹುದು. ಗೊಜ್ಜಿಗೆ ಬೇಯಿಸಿದರೆ ನಿಮಿಷಗಳಲ್ಲೇ ಕರಗಿ ಮೆತ್ತಗಾಗುತ್ತದೆ, ಕೈಯಾಡಿಸುತ್ತಿರಿ.