ಬೊಯಾರರ ಮನೆಯ ಗುಲಾಮರು

ಕೈಕಾಲಿಗೆ ಸರಪಳಿ. ಕೆಲವರ ಕುತ್ತಿಗೆಗೆ ಕಬ್ಬಿಣದ ಪಟ್ಟಿ, ಅದಕ್ಕೆ ಜೋಡಿಸಿ ಹಣೆಗೆ ಬಿಗಿದ ಕಬ್ಬಿಣದ ಕೊಂಬು. ಇಂದಿನ ರೊಮೇನಿಯಾದ ಯಾಶ್ ಪಟ್ಟಣದ ಬೀದಿಗಳಲ್ಲಿ ಎಳೆಯ ವಯಸ್ಸಿನಲ್ಲಿ ಇಂಥ ಮನುಷ್ಯರನ್ನು ಕಂಡದ್ದನ್ನು ಅಲ್ಲಿನ ರಾಜಕಾರಣಿ ಮಿಹಾಯಿಲ್ ಕೊಗಲ್ನಿಚಾನು 1891ರಲ್ಲಿ, ತಾವು ತೀರಿಕೊಂಡ ವರ್ಷವೇ, ರೊಮೇನಿಯನ್ ಅಕಾಡೆಮಿಯಲ್ಲಿ ನೆನಪಿಸಿಕೊಂಡರು.

ಆ ಗುಲಾಮರು ರೋಮಾ ಜನ. ಅವರ ಹಿರಿಯರು ಉತ್ತರ ಭಾರತದ ಕಡೆಯವರು. ನೀರಿಗೆ ಅವರ ಭಾಷೆಯಲ್ಲಿ ಇವತ್ತಿಗೂ 'ಪಾನಿ' ಅಂತಲೇ ಹೇಳ್ತಾರೆ. ಇಂದಿನ ರೊಮೇನಿಯಾದ ದಕ್ಷಿಣ ಭಾಗವಾದ ವಲಾಕಿಯಾದಲ್ಲಿ 40 ರೋಮಾ ಕುಟುಂಬಗಳನ್ನು ತಿಸ್ಮಾನಾ ಮಠಕ್ಕೆ ಕೊಟ್ಟ ದಾಖಲೆ 1385ರದ್ದು. ಅಲ್ಲಿಂದ ನಾನೂರೈವತ್ತು ವರ್ಷಕ್ಕೂ ಜಾಸ್ತಿ ಕಾಲ ಅವರು ಅರಸರ, ಮಠಗಳ, ಬೊಯಾರರ ಸೊತ್ತಾಗಿದ್ದರು. ಬೊಯಾರರು ಅಂದರೆ ಗಿಕಾ, ಸ್ಟುರ್ಜಾ, ಕಾಂತಾಕುಜಿನೊ ತರಹದ ದೊಡ್ಡ ಜಮೀನ್ದಾರ ಮನೆತನಗಳು. ವಲಾಕಿಯಾವನ್ನೂ ಅದರ ಪಕ್ಕದ, ಯಾಶ್ ಪಟ್ಟಣವಿದ್ದ ಮೊಲ್ಡಾವಿಯಾ ಸಂಸ್ಥಾನವನ್ನೂ ಆಳುತ್ತಿದ್ದವರು ಇಂಥವರೇ.

ಇದನ್ನು ಪ್ರಶ್ನಿಸಿದವರೂ ಆ ಮನೆಗಳ ಮಕ್ಕಳೇ ಅನ್ನುವುದು ನನಗೆ ಈ ಕತೆಯಲ್ಲಿ ಮುಖ್ಯವಾಗಿ ಕಾಣುತ್ತದೆ. ಕೊಗಲ್ನಿಚಾನು ಬೊಯಾರ್ ಮನೆಯ ಹುಡುಗ. ಓದಲು ಬರ್ಲಿನ್‌ಗೆ ಹೋದವರು 1837ರಲ್ಲಿ, ಇಪ್ಪತ್ತರ ವಯಸ್ಸಿಗೇ, ರೋಮಾ ಜನರ ಬಗ್ಗೆ ಫ್ರೆಂಚ್‌ನಲ್ಲಿ ಪುಸ್ತಕ ಬರೆದರು. 1840ರ ದಶಕದಲ್ಲಿ ಸರ್ಕಾರದ ಮತ್ತು ಮಠಗಳ ಗುಲಾಮರಿಗೆ ಬಿಡುಗಡೆ ಸಿಕ್ಕಿತು. ಬೊಯಾರರು ಮಾತ್ರ ಬಿಡಲಿಲ್ಲ. 1848ರಲ್ಲಿ ವಲಾಕಿಯಾದ ಕ್ರಾಂತಿಕಾರರು ಎಲ್ಲರನ್ನೂ ಬಿಡಿಸಲು ಹೊರಟರು. ಕೆಲವೇ ತಿಂಗಳಲ್ಲಿ ಕ್ರಾಂತಿ ಮುರಿದುಬಿತ್ತು, ಬಿಡುಗಡೆಯಾದವರು ಮತ್ತೆ ಒಡೆಯರ ಪಾಲಾದರು.

ಆಮೇಲೆ ದಿಂಕಾನ ಸಾವು. ಕಾಂತಾಕುಜಿನೊ ಮನೆತನದ ಗುಲಾಮ ಈತ, ಒಡೆಯರ ಜೊತೆ ಪ್ಯಾರಿಸ್ ನೋಡಿಬಂದವನು. ಅಲ್ಲಿಂದ ಬಂದ ಫ್ರೆಂಚ್ ಕೆಲಸದಾಕೆ ಕ್ಲೆಮಾಂಟೀನ್ ಮೇಲೆ ಅವನಿಗೆ ಪ್ರೀತಿ. ಗುಲಾಮನಾಗಿ ಅವಳನ್ನು ಮದುವೆಯಾಗುವಂತಿರಲಿಲ್ಲ. ಬಿಡುಗಡೆ ಕೊಡಿ ಎಂದು ಬೇಡಿಕೊಂಡ. ಮನೆಯೊಡತಿ ಒಪ್ಪಲಿಲ್ಲ. ದಿಂಕಾ ಕ್ಲೆಮಾಂಟೀನಳನ್ನು ಕೊಂದು ತಾನೂ ಪ್ರಾಣ ಕಳೆದುಕೊಂಡ. ಈ ಸುದ್ದಿ ಕೇಳಿ ಮೊಲ್ಡಾವಿಯಾದ ಅರಸ ಗ್ರಿಗೋರೆ ಗಿಕಾ ತುಂಬ ಕಲಕಿಹೋದ ಅನ್ನುತ್ತಾರೆ. 1855ರ ಡಿಸೆಂಬರ್‌ನಲ್ಲಿ ಮೊಲ್ಡಾವಿಯಾದಲ್ಲಿ, 1856ರ ಫೆಬ್ರವರಿಯಲ್ಲಿ ವಲಾಕಿಯಾದಲ್ಲಿ ಗುಲಾಮಗಿರಿ ನಿಂತಿತು. ಮೊಲ್ಡಾವಿಯಾದ ಕಾನೂನು ಸಿದ್ಧಪಡಿಸಿದವರಲ್ಲಿ ಕೊಗಲ್ನಿಚಾನು ಇದ್ದರು.

ಪರಿಹಾರದ ಹಣ ಯಾರಿಗೆ ಹೋಯಿತು? ಒಡೆಯರಿಗೆ. ವಲಾಕಿಯಾದಲ್ಲಿ ತಲೆಗೆ 10 ಚಿನ್ನದ ನಾಣ್ಯ. ಕೆಲವು ಬೊಯಾರರು ಬೇಡ ಅಂದರು, ಅದನ್ನೂ ಹೇಳಲೇಬೇಕು. ಬಿಡುಗಡೆಯಾದವರಿಗೆ ಮಾತ್ರ ಆ ಕಾನೂನಿನಿಂದ ಒಂದು ತುಂಡು ನೆಲವೂ ಸಿಗಲಿಲ್ಲ. ಸಿಕ್ಕಿದ್ದು ಕಂದಾಯ ಕಟ್ಟುವ ಹೊಣೆ. ಎರಡೂ ಸಂಸ್ಥಾನಗಳು ಒಂದಾದ ಮೇಲೆ, 1864ರಲ್ಲಿ ಇದೇ ಕೊಗಲ್ನಿಚಾನು ಪ್ರಧಾನಿಯಾಗಿದ್ದಾಗ, ಅರಸ ಕೂಜಾನ ಜೊತೆ ಸೇರಿ ರೈತರ ಬಿಟ್ಟಿ ಚಾಕರಿ ರದ್ದು ಮಾಡಿ ನಾಲ್ಕು ಲಕ್ಷಕ್ಕೂ ಹೆಚ್ಚು ಕುಟುಂಬಗಳಿಗೆ ಜಮೀನು ಕೊಡಿಸಿದರು. ಬೊಯಾರರು ಅದನ್ನು ಮರೆಯಲಿಲ್ಲ. ಎರಡೇ ವರ್ಷಕ್ಕೆ ಕೂಜಾ ಸಿಂಹಾಸನ ಕಳೆದುಕೊಂಡ.

1856ರ ಬಿಡುಗಡೆಯ ದಿನ ಇಂದಿನ ಕ್ಯಾಲೆಂಡರ್ ಲೆಕ್ಕದಲ್ಲಿ ಫೆಬ್ರವರಿ 20. ರೊಮೇನಿಯಾ ಅದನ್ನು ಅಧಿಕೃತ ಸ್ಮರಣೆಯ ದಿನ ಎಂದು ಕಾನೂನು ಮಾಡಿದ್ದು 2011ರಲ್ಲಿ.